ತೇಲುವ ದೋಣಿಗೆ ಅರ್ಥಿಂಗ್ ಎಲ್ಲಿ?

(ಕರಾವಳಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಿಕಲ್ ವಿಭಾಗದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಹಿತ್ತಲಿನಲ್ಲಿ, ಬಚ್ಚಲಿನ ಗೋಡೆಗೆ ತಾಗಿ ಒಂದು ಅರ್ಥಿಂಗ್ ಗುಂಡಿ ಇತ್ತು. ಉಪ್ಪು, ಇದ್ದಿಲು ತುಂಬಿ, ನಡುವೆ ಕಬ್ಬಿಣದ ಪೈಪು ನೆಟ್ಟು, ಬಾಯಿಗೆ ಒಡೆದ ಹಂಚು ಮುಚ್ಚಿದ್ದ ಗುಂಡಿ. ಏಪ್ರಿಲ್ ಬಂತೆಂದರೆ ಅಮ್ಮ ಪಾತ್ರೆ ತೊಳೆದ ನೀರನ್ನು ಅದಕ್ಕೆ ಹೊಯ್ಯುತ್ತಿದ್ದರು. ನೆಲ ಒಣಗಿದರೆ ಕರೆಂಟು ನೆಲಕ್ಕೆ ಇಳಿಯುವುದಿಲ್ಲ ಎಂದು ಲೈನ್‌ಮನ್ ಹೇಳಿ ಹೋಗಿದ್ದ. ಅಮ್ಮನ ಪಾಲಿಗೆ ಅದು ತುಳಸಿಗೆ ನೀರು ಹಾಕಿದಷ್ಟೇ ಸಹಜವಾದ ಕೆಲಸ.

ಮೂವತ್ತು ವರ್ಷಗಳ ನಂತರ, ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ, 26 ಅಡಿ ಉದ್ದದ ಹಾಯಿದೋಣಿಯೊಂದರ ಹೊಟ್ಟೆಯೊಳಗೆ ಮಂಡಿಯೂರಿ ಕುಳಿತು, ಬಾಯಲ್ಲಿ ಟಾರ್ಚು, ಕೈಯಲ್ಲಿ ಹಸಿರು-ಹಳದಿ ತಂತಿಯ ತುದಿ ಹಿಡಿದಾಗ ನನಗೆ ನೆನಪಾದದ್ದು ಆ ಗುಂಡಿ. ಸುತ್ತಲೂ ಉಪ್ಪುನೀರು. ಗುಂಡಿ ತೋಡುವುದೆಲ್ಲಿ?

ಇವತ್ತಿನ ನನ್ನ ಮಾತೆಲ್ಲ ಆ ಒಂದು ಹಸಿರು-ಹಳದಿ ತಂತಿಯ, ಅಂದರೆ ಅರ್ಥ್ ತಂತಿಯ ಬಗ್ಗೆ. ಆಯೋಜಕರು ದೊಡ್ಡ ಹಡಗುಗಳಿಗೆ ಬಂದರಿನಿಂದ ವಿದ್ಯುತ್ ಕೊಡುವ ವಿಷಯ ಮಾತಾಡಬಹುದೆಂದು ಎಣಿಸಿದ್ದರು. ಅದು ಮೆಗಾವ್ಯಾಟುಗಳ ಲೆಕ್ಕ, ನನ್ನದು ಕಿಲೋವ್ಯಾಟಿನದು. ಆದರೆ ಕಿಲೋವ್ಯಾಟಿನಲ್ಲೇ ಜನ ಸಾಯುವುದು, ಆದ್ದರಿಂದ ಕೇಳಿ.

ಮೊದಲು ದೋಣಿ. ಅದರ ಜಾತಿ ವೆಸ್ಟರ್ಲಿ ಸೆಂಟಾರ್. ಹ್ಯಾಂಪ್‌ಶೈರ್‌ನ ವಾಟರ್ಲೂವಿಲ್‌ನಲ್ಲಿ 1969ರಿಂದ 1980ರವರೆಗೆ ಎರಡು ಸಾವಿರಕ್ಕೂ ಹೆಚ್ಚು ತಯಾರಾದ ಫೈಬರ್‌ಗ್ಲಾಸ್ ದೋಣಿ. ಅಲ್ಲಿಯವರ ಅಂಬಾಸಿಡರ್ ಕಾರು ಎಂದುಕೊಳ್ಳಿ: ಚೆಂದವಿಲ್ಲ, ವೇಗವಿಲ್ಲ, ಸಾಯುವುದೂ ಇಲ್ಲ. ಅಡಿಯಲ್ಲಿ ಒಂದರ ಬದಲು ಎರಡು ಕೀಲ್, ಅಂದರೆ ತೂಕದ ರೆಕ್ಕೆ, ಇರುವುದರಿಂದ ನೀರು ಇಳಿದಾಗ ಕೆಸರಿನ ಮೇಲೆ ಎಮ್ಮೆಯ ಹಾಗೆ ನೆಟ್ಟಗೆ ಕೂರುತ್ತದೆ. ಕಾರ್ಖಾನೆಯಿಂದ ಬರುವಾಗ ಅದರಲ್ಲಿದ್ದದ್ದು 12 ವೋಲ್ಟಿನ ಬ್ಯಾಟರಿ, ನಾಲ್ಕು ಬಲ್ಬು, ಡೀಸೆಲ್ ಎಂಜಿನ್. ಸಹೋದ್ಯೋಗಿಯೊಬ್ಬನ ಜೊತೆ ಪಾಲಿನಲ್ಲಿ ಕೊಂಡೆ. ಸಮುದ್ರಕ್ಕೆ ಹೋಗುವಾಗ 12 ವೋಲ್ಟೇ ಸಾಕು. ಕಟ್ಟಿಹಾಕಿದ ಚಳಿಗಾಲದ ಐದಾರು ತಿಂಗಳು ಮಾತ್ರ ಬೇರೆ ಕಥೆ. ಬ್ಯಾಟರಿ ಇಳಿಯುತ್ತದೆ, ಹಾಸಿಗೆಗಳಿಗೆ ಬೂಸಲು ಹಿಡಿಯುತ್ತದೆ. ಆಗ ಬೇಕು ದಡದ ಕರೆಂಟು. ದೋಣಿಗಳನ್ನು ಕಟ್ಟುವ ತೇಲುವ ಅಟ್ಟಣೆಯ ಮೇಲೆ ಸೊಂಟದೆತ್ತರದ ಕಂಬಗಳಿರುತ್ತವೆ, ಅವುಗಳಲ್ಲಿ ನೀಲಿ ಸಾಕೆಟ್ಟು: 230 ವೋಲ್ಟ್, 50 ಹರ್ಟ್ಸ್, 16 ಆಂಪಿಯರ್. ವೋಲ್ಟೂ ಹರ್ಟ್ಸೂ ನಿಮ್ಮ ಹಾಸ್ಟೆಲಿನವೇ. ಇಂಥ ಅಟ್ಟಣೆಯನ್ನು ನೋಡಬೇಕೆಂದರೆ ಕೊಚ್ಚಿಯ ಬೋಳ್ಗಾಟ್ಟಿಗೆ ಹೋಗಬಹುದು, 2010ರಲ್ಲಿ ಅಲ್ಲಿ ಮರೀನಾ, ಅಂದರೆ ಇಂಥ ದೋಣಿಗಳ ನಿಲ್ದಾಣ, ಆರಂಭವಾಯಿತು.

ಹಿಂದಿನ ಮಾಲೀಕರು ಸ್ವಲ್ಪ ವೈರಿಂಗ್ ಮಾಡಿಯೇ ಕೊಟ್ಟಿದ್ದರು. ಮನೆಯ ಗೋಡೆಯೊಳಗೆ ಹುದುಗಿಸುವ ಒಂಟಿ ಎಳೆಯ ಗಟ್ಟಿ ತಂತಿ, ಮನೆಯ ಫ್ಯೂಸ್ ಪೆಟ್ಟಿಗೆ, ಮತ್ತು ಹೊರಗಿನಿಂದ ಕರೆಂಟು ತರಲು ಎರಡೂ ತುದಿಗೆ ಪ್ಲಗ್ ಇದ್ದ ಒಂದು ಕೇಬಲ್. ನೀವು ನಗುತ್ತಿದ್ದೀರಿ. ಕರೆಂಟು ಹೋದಾಗ ಜನರೇಟರಿನಿಂದ ಮನೆಯ ಸಾಕೆಟ್ಟಿಗೆ ಕೊಡಲು ನಿಮ್ಮೂರಿನಲ್ಲೂ ಅಂಥದ್ದೊಂದು ವೈರು ಯಾರದೋ ಅಟ್ಟದ ಮೇಲೆ ಇರುತ್ತದೆ. ಒಂದು ತುದಿಯನ್ನು ಕಂಬಕ್ಕೆ ಚುಚ್ಚಿದ ಕ್ಷಣ ಇನ್ನೊಂದು ತುದಿಯ ಹಿತ್ತಾಳೆಯ ಕಡ್ಡಿಗಳಲ್ಲಿ 230 ವೋಲ್ಟ್, ಅದು ನಿಮ್ಮ ಒದ್ದೆ ಕೈಯಲ್ಲಿ. ಎಲ್ಲವನ್ನೂ ಕಿತ್ತೆ.

ಆದ್ದರಿಂದ ಮೊದಲ ನಿಯಮ: ಕಡ್ಡಿ ಇರುವ ಭಾಗ ಯಾವಾಗಲೂ ಕರೆಂಟು ಪಡೆಯುವ ಬದಿಗೆ. ದೋಣಿಯ ಮೈಮೇಲೆ ಕೂರಿಸುವ ಇನ್ಲೆಟ್‌ನಲ್ಲಿ ಕಡ್ಡಿಗಳು, ಕೇಬಲಿನ ಆ ತುದಿಯಲ್ಲಿ ತೂತುಗಳು. ಈ ನೀಲಿ ಪ್ಲಗ್ಗಿನಲ್ಲಿ ಅರ್ಥ್ ಕಡ್ಡಿ ಉಳಿದೆರಡಕ್ಕಿಂತ ದಪ್ಪ, ಎಲ್ಲಕ್ಕಿಂತ ಮೊದಲು ತಾಗಿ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ನಮ್ಮ ಮೂರು ಪಿನ್ನಿನ ಪ್ಲಗ್ಗಿನಲ್ಲೂ ಮೇಲಿನ ಪಿನ್ನು ಉದ್ದ ಮತ್ತು ದಪ್ಪ ಇರುವುದು ಇದೇ ಕಾರಣಕ್ಕೆ.

ಕೇಬಲ್ ರಬ್ಬರ್ ಹೊದಿಕೆಯದು, ಮೂರು ಎಳೆ, 2.5 ಚದರ ಮಿಲಿಮೀಟರ್, 25 ಮೀಟರ್. ಅದರಲ್ಲಿ 10 ಆಂಪಿಯರ್ ಹರಿದರೆ ವೋಲ್ಟೇಜು ಎಷ್ಟು ಇಳಿಯುತ್ತದೆ ಎಂದು ಯಾರಾದರೂ ಲೆಕ್ಕ ಮಾಡಿ. ಹೋಗಿ ಬರುವ ದಾರಿ 50 ಮೀಟರ್, ಮೀಟರಿಗೆ 7.4 ಮಿಲಿಓಮ್. ಸರಿ, 3.7 ವೋಲ್ಟ್. ಚಿಂತೆಯಿಲ್ಲ. ಚಿಂತೆ ಇರುವುದು ಉದ್ದದಲ್ಲಲ್ಲ, ತುದಿಯಲ್ಲಿ. ಮೊದಲ ಜನವರಿಯಲ್ಲಿ ಒಂದು ದಿನ ಇನ್ಲೆಟ್‌ನ ಬಿಳಿ ಮುಚ್ಚಳ ಚಹಾ ಬಣ್ಣಕ್ಕೆ ತಿರುಗಿತ್ತು. ಬಿಚ್ಚಿದರೆ ಒಂದು ಕಡ್ಡಿ ಕಪ್ಪಾಗಿ, ಬುಡದ ಪ್ಲಾಸ್ಟಿಕ್ ಕರಗಿ ಸೋರಿತ್ತು. ಉಪ್ಪುಗಾಳಿ ಹಿತ್ತಾಳೆಯ ಮೇಲೆ ಹಸಿರು ಪದರ ಕಟ್ಟಿ, ಸಂಪರ್ಕದಲ್ಲಿ ಬರೀ 0.1 ಓಮ್ ಪ್ರತಿರೋಧ ಸೇರಿಸಿದೆ ಎನ್ನಿ. 10 ಆಂಪಿಯರ್‌ನ ವರ್ಗ ಗುಣಿಸು 0.1, ಅಂದರೆ 10 ವ್ಯಾಟ್. ಬೆಸುಗೆ ಹಾಕುವ ಪುಟ್ಟ ಕಡ್ಡಿಯಷ್ಟು ಶಾಖ ಪೆನ್ಸಿಲ್ ತುಂಡಿನಷ್ಟು ಹಿತ್ತಾಳೆಯಲ್ಲಿ, ರಾತ್ರಿಯಿಡೀ. ಮಿತಿ ಮೀರಿ ಕರೆಂಟು ಹರಿದರೆ ಕಡಿಯುವ ಸ್ವಿಚ್ಚು ಎಂಸಿಬಿ, ಅದಕ್ಕೆ ಇದು ಗೊತ್ತೇ ಆಗುವುದಿಲ್ಲ, ಅದರ ಪ್ರಕಾರ ಎಲ್ಲವೂ ಸರಿಯಾಗಿದೆ. ಇಂಥದ್ದನ್ನು ಹಿಡಿಯಲು ಇರುವ ಉಪಕರಣ ಅಂಗೈ: ಹೀಟರ್ ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡುವುದು.

ಚುಚ್ಚುವ ಕ್ರಮವನ್ನೂ ಹೇಳಿಬಿಡುತ್ತೇನೆ. ದೋಣಿಯ ಬದಿಯನ್ನು ಮೊದಲು, ಕಂಬದ ಬದಿಯನ್ನು ಆಮೇಲೆ. ಬಿಚ್ಚುವಾಗ ತಿರುಗಾಮುರುಗಾ. ಕೈ ಜಾರಿ ಕೇಬಲಿನ ತುದಿ ನೀರಿಗೆ ಬಿದ್ದರೆ ಅದು ಸತ್ತ ತುದಿಯಾಗಿರಬೇಕು.

ಒಳಗೆ ಬಂದ ಕರೆಂಟು ಮೊದಲು ಹೋಗುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಗೆ, ಇನ್ಲೆಟ್‌ಗೆ ಸಾಧ್ಯವಾದಷ್ಟು ಹತ್ತಿರದಲ್ಲಿ. ಅಷ್ಟು ಕರೆಂಟು ದಾರಿ ತಪ್ಪಿ ಸೋರಿದರೆ ಕಡಿಯುವ ಸ್ವಿಚ್ಚು ಅದು. ಆಮೇಲೆ ಎಂಸಿಬಿಗಳು, ಅವೂ ಕರೆಂಟು ತರುವ ಫೇಸ್, ಮರಳಿಸುವ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವಂಥವು. ಮನೆಯಲ್ಲಿ ಫೇಸ್ ಒಂದನ್ನು ಕಡಿದರೆ ನಡೆಯುತ್ತದೆ. ದೋಣಿ ಊರೂರು ತಿರುಗುವ ಪ್ರಾಣಿ. ಕಡಲು ದಾಟಿ ಯುರೋಪಿನ ಬಂದರುಗಳಿಗೆ ಹೋದರೆ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿ ಸಿಗುವುದು ಮಾಮೂಲು. ಇನ್ನೊಂದು ಮಾತು: ದೋಣಿಯೊಳಗೆ ನ್ಯೂಟ್ರಲ್ ಮತ್ತು ಅರ್ಥ್ ಅನ್ನು ಜೋಡಿಸಬಾರದು. ಆ ಮದುವೆ ಕರೆಂಟು ಹುಟ್ಟುವಲ್ಲಿ, ಅಂದರೆ ದಡದಲ್ಲಿ ಆಗಿಹೋಗಿದೆ. ಎರಡನೆಯ ಸಲ ಮಾಡಿಸಿದರೆ ನ್ಯೂಟ್ರಲಿನ ಕರೆಂಟು ಅರ್ಥ್ ತಂತಿಯಲ್ಲೂ ನೀರಿನಲ್ಲೂ ದಾರಿ ಹುಡುಕುತ್ತದೆ.

ಈಗ ಅಮ್ಮನ ಗುಂಡಿಗೆ ಬರೋಣ. ಬ್ರಿಟನ್ನಿನ ಬಹಳಷ್ಟು ಮನೆಗಳಿಗೆ ಪ್ರತ್ಯೇಕ ಅರ್ಥಿಂಗ್ ಗುಂಡಿ ಇಲ್ಲ. ಬೀದಿಯಿಂದ ಬರುವ ಒಂದೇ ತಂತಿ ನ್ಯೂಟ್ರಲ್ಲೂ ಹೌದು, ಅರ್ಥೂ ಹೌದು, ಮನೆಯ ಬಾಗಿಲಿನಲ್ಲಿ ಎರಡಾಗುತ್ತದೆ. ಬೀದಿಯಲ್ಲಿ ಆ ತಂತಿ ತುಂಡಾದರೆ ಮನೆಯ ಲೋಹದ ವಸ್ತುಗಳೆಲ್ಲ ಜೀವಂತವಾಗಬಹುದು, ಆದರೆ ಮನೆಯೊಳಗೆ ಎಲ್ಲವೂ ಒಟ್ಟಿಗೆ ಒಂದೇ ವೋಲ್ಟೇಜಿಗೆ ಏರುವುದರಿಂದ ಮುಟ್ಟಿದವರಿಗೆ ಅಪಾಯ ಕಡಿಮೆ. ದೋಣಿಗೆ ಕಾಲಿಡುವವನದು ಬೇರೆ ಸ್ಥಿತಿ. ಒಂದು ಕಾಲು ಒದ್ದೆ ಅಟ್ಟಣೆಯ ಮೇಲೆ, ಒಂದು ಕೈ ದೋಣಿಯ ಉಕ್ಕಿನ ಹಗ್ಗದ ಮೇಲೆ. ಅದಕ್ಕಾಗಿ 2002ರ ಅಲ್ಲಿನ ನಿಯಮ ಇಂಥ ಜೋಡಿ ತಂತಿಯನ್ನು ದೋಣಿಯ ಲೋಹಕ್ಕೆ ಸೇರಿಸಬಾರದು ಎನ್ನುತ್ತದೆ. ಹಾಗಾಗಿ ಮರೀನಾದವರು ದಡದಲ್ಲಿ ಸ್ವಂತ ಅರ್ಥ್ ಕಡ್ಡಿ ನೆಡುವುದುಂಟು. ನಮ್ಮ ಹಿತ್ತಲಿನ ಏರ್ಪಾಡೇ ಅದು! ಇಷ್ಟು ದೂರ ಹೋಗಿ ಅಮ್ಮನ ಗುಂಡಿಯನ್ನೇ ಕಂಡೆ.

ಆ ಏರ್ಪಾಡಿನ ಒಂದು ದೌರ್ಬಲ್ಯ ನಿಮಗೆ ಗೊತ್ತಿರಬೇಕು. ಗುಂಡಿಯ ಪ್ರತಿರೋಧ 20 ಓಮ್ ಇದ್ದರೆ, ಫೇಸ್ ಬಂದು ಗೀಸರಿನ ಮೈಗೆ ತಾಗಿದಾಗ ಹರಿಯುವುದು 230 ಭಾಗಿಸು 20, ಅಂದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್‌ನ ಎಂಸಿಬಿ ಅಲುಗಾಡುವುದಿಲ್ಲ. ಗೀಸರಿನ ಮೈ ಜೀವಂತವಾಗಿಯೇ ಉಳಿಯುತ್ತದೆ. ಆರ್‌ಸಿಸಿಬಿ ಮಾತ್ರ ಬೀಳುತ್ತದೆ. ಗುಂಡಿ ಮತ್ತು ಆರ್‌ಸಿಸಿಬಿ ಗಂಡ-ಹೆಂಡಿರ ಹಾಗೆ, ಒಬ್ಬರನ್ನು ಕಳಿಸಿ ಇನ್ನೊಬ್ಬರಿಂದ ಸಂಸಾರ ಮಾಡಿಸಲಾಗುವುದಿಲ್ಲ.

ಹೀಗೆ ದಡದ ಅರ್ಥ್ ಹಸಿರು-ಹಳದಿ ತಂತಿಯಲ್ಲಿ ದೋಣಿಗೆ ಬಂತು. ಅದನ್ನು ಎಂಜಿನ್ನಿಗೆ, ಅಂದರೆ 12 ವೋಲ್ಟಿನ ನೆಗೆಟಿವ್ ಬದಿಗೆ ಸೇರಿಸಬೇಕು. ಏಕೆಂದರೆ ಬ್ಯಾಟರಿ ಚಾರ್ಜರ್ ಒಳಗೆ ಕೆಟ್ಟರೆ 230 ವೋಲ್ಟ್ ಆ ಬದಿಗೆ ದಾಟಬಹುದು, ಆಗ ಅದಕ್ಕೆ ಮನೆಗೆ ಮರಳುವ ದಾರಿ ಬೇಕು. ಎಂಜಿನ್ನಿಗೆ ಶಾಫ್ಟ್, ಶಾಫ್ಟಿಗೆ ಕಂಚಿನ ಪ್ರೊಪೆಲರ್, ಅದರ ಕಾವಲಿಗೆ ದೋಣಿಯ ಹೊಟ್ಟೆಯಡಿ ಬಿಗಿದ ಸತುವಿನ ಗಟ್ಟಿ. ಕಂಚಿಗಿಂತ ಸತು ಬೇಗ ಕರಗುತ್ತದೆ, ತಾನು ಕರಗಿ ಕಂಚನ್ನು ಉಳಿಸುತ್ತದೆ. ಏಪ್ರಿಲ್‌ನಲ್ಲಿ ಹೊಸ ಗಟ್ಟಿ ಬಿಗಿದಿದ್ದೆ. ಅಕ್ಟೋಬರ್‌ನಲ್ಲಿ ದೋಣಿಯನ್ನು ದಡಕ್ಕೆತ್ತಿದಾಗ ಎರಡು ಬೋಲ್ಟು, ಅವುಗಳ ಸುತ್ತ ಇರುವೆ ತಿಂದ ಬೆಲ್ಲದ ಹಾಗೆ ಒಂದಿಷ್ಟು ಚೂರು, ಅಷ್ಟೇ ಉಳಿದಿತ್ತು. ಹಿಂದಿನ ವರ್ಷ ಕರೆಂಟು ಎಳೆಯುವ ಮೊದಲು ಅರ್ಧವೂ ಸವೆದಿರಲಿಲ್ಲ. ಪ್ರೊಪೆಲರಿನ ಅಂಚು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಗುಲಾಬಿ ಎಂದರೆ ಮಿಶ್ರಲೋಹದೊಳಗಿನ ಸತು ಹೊರಟು ಬರೀ ತಾಮ್ರದ ಜಾಲರಿ ಉಳಿಯುತ್ತಿದೆ ಎಂದರ್ಥ. ದೋಣಿಯ ಮೈಗೆ ಕೂರಿಸಿದ ನೀರಿನ ಕವಾಟಗಳನ್ನು ಸಣ್ಣ ಸುತ್ತಿಗೆಯಿಂದ ಹಲಸಿನಹಣ್ಣು ತಟ್ಟಿ ನೋಡುವ ಹಾಗೆ ಒಂದೊಂದಾಗಿ ತಟ್ಟಿದೆ. ಗಟ್ಟಿ ಇದ್ದದ್ದು ಟಣ್ ಎನ್ನುತ್ತದೆ. ಒಂದು ದಬ್ ಎಂದಿತು. ಅದನ್ನು ಬಿಚ್ಚುವಾಗ ಕೈಯಲ್ಲೇ ಮುರಿಯಿತು. ಸಮುದ್ರದಲ್ಲಿ ಮುರಿದಿದ್ದರೆ ಹೆಬ್ಬೆರಳಿನಷ್ಟು ದಪ್ಪದ ತೂತು.

ಕಳ್ಳ ಯಾರು? ಪಕ್ಕದಲ್ಲಿ ಉಕ್ಕಿನ ಮೈಯ ದೋಣಿ ಕಟ್ಟಿತ್ತು. ನನ್ನ ಹಸಿರು ತಂತಿ ಕಂಬಕ್ಕೆ ಹೋಗುತ್ತದೆ, ಅವರದ್ದೂ ಅದೇ ಕಂಬಕ್ಕೆ ಬರುತ್ತದೆ. ಸತು ಸುಮಾರು ಮೈನಸ್ ಒಂದು ವೋಲ್ಟಿನಲ್ಲಿ, ಉಕ್ಕು ಮೈನಸ್ 0.6ರ ಆಸುಪಾಸಿನಲ್ಲಿ, ನಡುವೆ ಉಪ್ಪುನೀರು, ಮೇಲಿನಿಂದ ಎರಡನ್ನೂ ಸೇರಿಸುವ ತಾಮ್ರದ ತಂತಿ. ಹೈಸ್ಕೂಲಿನಲ್ಲಿ ನಿಂಬೆಹಣ್ಣಿಗೆ ಎರಡು ಕಡ್ಡಿ ಚುಚ್ಚಿ ಮಾಡಿದ ಬ್ಯಾಟರಿಯೇ ಇದು, ನಿಂಬೆಹಣ್ಣಿನ ಜಾಗದಲ್ಲಿ ಬಂದರು. ನನ್ನ ಸತು ನೆರೆಮನೆಯ ಉಕ್ಕನ್ನು ಕಾಯುತ್ತಿತ್ತು. ಅವರ ತಪ್ಪೇನಿಲ್ಲ. ಅವರ ದೋಣಿ ಫಳಫಳ ಹೊಳೆಯುತ್ತಿತ್ತು, ಅದೊಂದು ಹೊಟ್ಟೆಕಿಚ್ಚು.

ಅಟ್ಟಣೆಯ ಮೇಲೆ ನಲವತ್ತು ವರ್ಷ ಹಾಯಿ ಕಟ್ಟಿದ ಹಿರಿಯರೊಬ್ಬರು ಇದ್ದರು. ಅವರ ಸಲಹೆ ಸರಳ: ಎಂಜಿನ್ನಿಗೆ ಹೋಗುವ ಹಸಿರು ತಂತಿಯನ್ನು ಕತ್ತರಿಸಿಬಿಡು, ತಾನು ಇಪ್ಪತ್ತು ವರ್ಷದ ಹಿಂದೆಯೇ ಕತ್ತರಿಸಿದ್ದೇನೆ, ಏನೂ ಆಗಿಲ್ಲ. ನನಗೆ ಊರಿನ ಅಕ್ಕಿ ಗಿರಣಿ ನೆನಪಾಯಿತು. ಸಾಕೆಟ್ಟಿಗೆ ಹೊಂದುವುದಿಲ್ಲ ಎಂದು ಮೂರನೆಯ ಪಿನ್ನನ್ನು ಮುರಿದು, ಅದನ್ನು ಬೀಗದ ಕೈಯ ಗೊಂಚಲಿಗೆ ಸಿಕ್ಕಿಸಿಕೊಂಡವರನ್ನು ಕಂಡಿದ್ದೇನೆ. ಅವರೂ ಏನೂ ಆಗಿಲ್ಲ ಎಂದೇ ಹೇಳುತ್ತಿದ್ದರು. ಹಸಿರು ತಂತಿಯ ಕಷ್ಟವೇ ಇದು. ಅದು ಮಾಡುವ ಕೇಡು ಪ್ರತಿ ಅಕ್ಟೋಬರ್‌ನಲ್ಲಿ ಕಣ್ಣಿಗೆ ಕಾಣುತ್ತದೆ, ಮಾಡುವ ಉಪಕಾರ ಕಾಣುವುದೇ ಇಲ್ಲ.

ಕತ್ತರಿಸದೆ ಕಳ್ಳತನ ತಡೆಯುವ ಉಪಾಯಕ್ಕೆ ಗ್ಯಾಲ್ವನಿಕ್ ಐಸೊಲೇಟರ್ ಎನ್ನುತ್ತಾರೆ. ಹೆಸರು ದೊಡ್ಡದು, ಒಳಗಿರುವುದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ದೊಡ್ಡ ಡಯೋಡುಗಳು: ಈ ದಿಕ್ಕಿಗೆ ಸಾಲಾಗಿ ಎರಡು, ಆ ದಿಕ್ಕಿಗೆ ಎರಡು. ಒಂದೊಂದು ಸುಮಾರು 0.6 ವೋಲ್ಟ್ ಕೇಳುತ್ತದೆ, ಎರಡು ಸೇರಿ 1.2. ಸತು-ಉಕ್ಕಿನ ಜಗಳ ಅರ್ಧ ವೋಲ್ಟಿನೊಳಗಿನದು, ಬಾಗಿಲು ತೆರೆಯುವುದಿಲ್ಲ. ಚಾರ್ಜರ್ ಕೆಟ್ಟು 230 ವೋಲ್ಟ್ ಬಂದರೆ ಅದಕ್ಕೆ ಬಾಗಿಲೇ ಕಾಣುವುದಿಲ್ಲ, ನುಗ್ಗಿ ದಡ ಸೇರುತ್ತದೆ. ಇನ್ಲೆಟ್ ದಾಟಿದ ತಕ್ಷಣ, ಹಸಿರು ತಂತಿ ಎಲ್ಲಿಗೂ ಕವಲೊಡೆಯುವ ಮೊದಲೇ ಇದನ್ನು ಕೂರಿಸಬೇಕು.

ಕೂರಿಸಿದೆ. ಆದರೂ ಮುಂದಿನ ಚಳಿಗಾಲದಲ್ಲಿ ಸತು ಕರಗಿತು. ಎರಡು ವಾರಾಂತ್ಯ ಮಲ್ಟಿಮೀಟರ್ ಹಿಡಿದು ಅಲೆದೆ, ಐಸೊಲೇಟರ್ ಮಾರಿದವರನ್ನು ಮನಸ್ಸಿನಲ್ಲೇ ಬೈದೆ. ತಪ್ಪು ನನ್ನದೇ. ಎಂಜಿನ್ನಿನ ನೀರು ಹೆಪ್ಪುಗಟ್ಟದಿರಲೆಂದು ಒಂದು ಕೊಳವೆ ಹೀಟರನ್ನು ಪಕ್ಕದಲ್ಲಿಟ್ಟು, ಅದನ್ನು ಬೇರೆಯೇ ಎಕ್ಸ್‌ಟೆನ್ಷನ್ ತಂತಿಯಿಂದ ನೇರ ಕಂಬಕ್ಕೆ ಚುಚ್ಚಿದ್ದೆ. ಹೀಟರಿನ ಲೋಹದ ಮೈಯನ್ನು ಕಬ್ಬಿಣದ ತಂತಿಯಿಂದ ಎಂಜಿನ್ ಕಾಲಿಗೆ ಬಿಗಿದವನೂ ನಾನೇ. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ಹಾರುಹೊಡೆದಿತ್ತು.

ತಂತಿ ಜೋಡಿಸುವ ಕೈಕೆಲಸದ ಬಗ್ಗೆ ಒಂದೇ ಮಾತು. ಡಿಪ್ಲೊಮಾ ಕಾಲದಿಂದಲೂ ನನಗೆ ಬೆಸುಗೆಯ ಹೆಮ್ಮೆ. ದೋಣಿಯಲ್ಲಿ ಆ ಹೆಮ್ಮೆ ಇಳಿಯಿತು. ಬೆಸುಗೆ ಸಣ್ಣ ಎಳೆಗಳ ನಡುವೆ ಹೀರಿಕೊಂಡು ಹೋಗಿ ತಂತಿಯನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ. ಎಂಜಿನ್ ನಡುಗುವಾಗ ಸರಿಯಾಗಿ ಗಟ್ಟಿ ಮುಗಿದು ಮೆತ್ತಗಾಗುವ ಜಾಗದಲ್ಲಿ ತುಂಡಾಗುತ್ತದೆ. ತವರದ ಲೇಪವಿರುವ ಸಣ್ಣ ಎಳೆಗಳ ತಂತಿ, ತುದಿಯನ್ನು ಒತ್ತಿ ಬಿಗಿಯುವ ಒಳ್ಳೆಯ ಕ್ರಿಂಪರ್, ಒತ್ತಿದ ಮೇಲೆ ಕೈಯಿಂದ ಗಟ್ಟಿಯಾಗಿ ಎಳೆದು ನೋಡುವುದು, ಬಿಸಿಗೆ ಕುಗ್ಗಿ ಹಿಡಿಯುವ, ಒಳಗೆ ಅಂಟಿರುವ ಕೊಳವೆ. ಬೇರೇನೂ ಬೇಡ. ಬಣ್ಣಗಳ ಬಗ್ಗೆ ಮಾತ್ರ ಎಚ್ಚರ. ಅಮೆರಿಕದ ಹಳೆಯ ದೋಣಿ ಕೈಗೆ ಬಂದರೆ ಅಲ್ಲಿ ಕಪ್ಪು ತಂತಿ 12 ವೋಲ್ಟಿನ ನೆಗೆಟಿವ್ ಆಗಿರಬಹುದು, 120 ವೋಲ್ಟಿನ ಫೇಸೂ ಆಗಿರಬಹುದು. ಈ ಗೊಂದಲ ಬೇಡವೆಂದೇ ಅಲ್ಲಿ ಬ್ಯಾಟರಿಯ ನೆಗೆಟಿವ್‌ಗೆ ಹಳದಿ ಬಳಸಲು ಹೇಳುತ್ತಾರೆ.

ಪ್ರಶ್ನೆಗಳಿಗೆ ಬರುತ್ತೇನೆ.

ಮೂರನೆಯ ಸಾಲಿನ ವಿದ್ಯಾರ್ಥಿನಿ ಕೇಳಿದ್ದು: ನೀರಿಗೆ ಕರೆಂಟು ಸೋರಿದರೆ ಸಮುದ್ರದಲ್ಲಿ ಈಜುವವನಿಗೆ ಅಪಾಯ ಹೆಚ್ಚೋ, ಕೆರೆಯಲ್ಲೋ? ಸಭೆಯಲ್ಲಿ ಮುಕ್ಕಾಲು ಜನ ಸಮುದ್ರ ಎಂದು ಕೈ ಎತ್ತಿದಿರಿ, ಉಪ್ಪುನೀರು ಒಳ್ಳೆಯ ವಾಹಕ ಎಂಬ ಕಾರಣಕ್ಕೆ. ಅದೇ ಕಾರಣಕ್ಕೆ ಉತ್ತರ ಕೆರೆ. ಉಪ್ಪುನೀರು ಮನುಷ್ಯನ ಮೈಗಿಂತ ಒಳ್ಳೆಯ ವಾಹಕ, ಕರೆಂಟು ಬಹುಪಾಲು ಅವನನ್ನು ಬಿಟ್ಟು ಸುತ್ತಿ ಹೋಗುತ್ತದೆ. ಸಿಹಿನೀರು ಮೈಗಿಂತ ಕೆಟ್ಟ ವಾಹಕ, ಅದಕ್ಕೆ ಉಪ್ಪು ತುಂಬಿದ ನಮ್ಮ ಮೈಯೇ ಹತ್ತಿರದ ದಾರಿ. ಹತ್ತಿಪ್ಪತ್ತು ಮಿಲಿಆಂಪಿಯರ್ ಹರಿದರೆ ಸ್ನಾಯುಗಳು ಮಾತು ಕೇಳುವುದಿಲ್ಲ, ಈಜು ಬಲ್ಲವನೂ ಮುಳುಗುತ್ತಾನೆ. ಅಮೆರಿಕದ ಸರೋವರಗಳ ಮರೀನಾಗಳಲ್ಲಿ ಮಕ್ಕಳು ಹೀಗೆ ಸತ್ತಿದ್ದಾರೆ. ಮುಳುಗಿ ಸತ್ತ ಮೈಯಲ್ಲಿ ಕರೆಂಟಿನ ಗುರುತು ಇರುವುದಿಲ್ಲವಾದ್ದರಿಂದ ಬರೀ ಮುಳುಗಿದ್ದೆಂದೇ ಬಗೆಯುವುದು ಸುಲಭ. ಕರೆಂಟು ಎಳೆದ ದೋಣಿಗಳ ನಡುವೆ ಈಜಬೇಡಿ, ನೀರು ಎಷ್ಟೇ ತಣ್ಣಗೆ ಕರೆದರೂ.

ಇನ್ನೊಬ್ಬರು ಸೌರಫಲಕ ಸಾಲದೇ ಎಂದರು. ಇಲ್ಲಿ ಧಾರಾಳವಾಗಿ ಸಾಕು. ಡಿಸೆಂಬರ್‌ನ ಪೋರ್ಟ್ಸ್‌ಮತ್‌ನಲ್ಲಿ ಹಗಲೇ ಎಂಟು ಗಂಟೆ, ಅದೂ ಮಜ್ಜಿಗೆಯಂಥ ಬೆಳಕು. ತೇವ ಹೀರುವ ಯಂತ್ರಕ್ಕೆ 300 ವ್ಯಾಟ್ ಬೇಕು. ಕೆಟಲ್ಲಿಗೆ 2,200 ವ್ಯಾಟ್, ಅಂದರೆ ಒಂಬತ್ತೂವರೆ ಆಂಪಿಯರ್. ಚಹಾದ ವಿಷಯದಲ್ಲಿ ನಾನು ಸೂರ್ಯನನ್ನು ನಂಬುವುದಿಲ್ಲ.

ಕೊನೆಯ ಪ್ರಶ್ನೆ ವಿದ್ಯಾರ್ಥಿಯದಲ್ಲ. ಬಾಗಿಲ ಬಳಿ ನಿಂತಿದ್ದ ಲ್ಯಾಬ್ ಸಹಾಯಕರೊಬ್ಬರು, "ಸರ್, ಮಳೆಗಾಲದಲ್ಲಿ ಹಾಸ್ಟೆಲಿನ ಆರ್‌ಸಿಸಿಬಿ ಬೀಳುತ್ತಲೇ ಇತ್ತು, ಯಾರೋ ಅದನ್ನು ಬೈಪಾಸ್ ಮಾಡಿದ್ದಾರೆ. ಹುಡುಗರು ಬಚ್ಚಲಿನ ನಲ್ಲಿ ಮುಟ್ಟಿದರೆ ಜುಂ ಎನ್ನುತ್ತದೆ ಎನ್ನುತ್ತಾರೆ. ಒಮ್ಮೆ ನೋಡುತ್ತೀರಾ?" ಎಂದರು. ಸಭೆ ಮುಗಿಸಿ, ಕೊಟ್ಟ ಶಾಲು ಹೆಗಲ ಮೇಲಿದ್ದಂತೆಯೇ ಹಾಸ್ಟೆಲಿಗೆ ಹೋದೆವು. ಪ್ಯಾನೆಲ್ ತೆರೆದರೆ ಆರ್‌ಸಿಸಿಬಿಯ ಮೇಲಿನಿಂದ ಕೆಳಗೆ ಎರಡು ತುಂಡು ತಂತಿ ಹಾರಿಸಿದ್ದರು. ಮೇನ್ ಆಫ್ ಮಾಡಿ ಅವನ್ನು ಕಿತ್ತು, ಗೀಸರುಗಳನ್ನೆಲ್ಲ ಆರಿಸಿ, ಒಂದೊಂದಾಗಿ ಹಾಕುತ್ತ ಹೋದೆವು. ನಾಲ್ಕನೆಯದಕ್ಕೆ ಟಕ್ ಎಂದು ಬಿತ್ತು. ಅದರ ಪ್ಲಗ್ಗನ್ನು ಅವರೇ ಬಿಚ್ಚಿದರು. ಹಸಿರು ತಂತಿಯನ್ನು ಹಿಂದಕ್ಕೆ ಮಡಚಿ, ನೀಟಾಗಿ ಟೇಪು ಸುತ್ತಿಟ್ಟಿದ್ದರು. ಕರೆಂಟಿಗೆ ಉಳಿದಿದ್ದ ದಾರಿ ನೀರಿನ ಕೊಳವೆಯೊಂದೇ.

ನನ್ನ ಚೀಲದಲ್ಲಿ ಕ್ರಿಂಪರ್ ಇರಲಿಲ್ಲ, ಅವರ ಬಳಿ ಇತ್ತು. ತಂತಿಯನ್ನು ಸೇರಿಸಿದರು, ಎಳೆದು ನೋಡಿದರು. ಗೀಸರಿನ ಒಳಗಿನ ಕಾಯಿಲ್ ಸೀಳಿತ್ತು. ಹೊಸದು ಬರುವವರೆಗೆ ಆ ಸಾಲಿನ ಹುಡುಗರಿಗೆ ತಣ್ಣೀರು.